ಮೌನವಾದ ಚಾನೆಲ್ ಏನು ಹೇಳುತ್ತದೆ?

‘ಚಾನೆಲ್’ ಎಂದೊಡನೆ ನಮ್ಮೆಲ್ಲರ ಮನಸ್ಸಿಗೆ ಬರುವುದು ದೂರದರ್ಶನ. ಆದರೆ ವೇಗದ ಕಾರುಗಳ ತಂತ್ರಜ್ಞರು ಈ ಪದವನ್ನು ಬೇರೊಂದು ಅರ್ಥದಲ್ಲಿ ಬಳಸುತ್ತಾರೆ. ಅವರಿಗೆ ಕಾರಿನ ವೇಗ ಒಂದು ಚಾನೆಲ್, ಎಂಜಿನ್ನಿನ ಸುತ್ತುಗಳ ಸಂಖ್ಯೆ ಇನ್ನೊಂದು, ಬ್ರೇಕಿನ ಒತ್ತಡ ಮತ್ತೊಂದು. ಇವೆಲ್ಲವನ್ನೂ ಕ್ಷಣಕ್ಷಣಕ್ಕೆ ಬರೆದಿಡುವ ಪುಟ್ಟ ಪೆಟ್ಟಿಗೆಯೇ ಡೇಟಾ ಲಾಗರ್, ಅಂದರೆ ದತ್ತಾಂಶ ದಾಖಲಕ.

ಸ್ವಂತ ಕಾರನ್ನು ಸಾರ್ವಜನಿಕ ರಸ್ತೆಯ ಬದಲು ಸುರಕ್ಷಿತವಾದ ಟ್ರ್ಯಾಕಿನಲ್ಲಿ, ನಿಗದಿತ ಅವಧಿಯವರೆಗೆ ಓಡಿಸುವ ಏರ್ಪಾಡಿಗೆ ‘ಟ್ರ್ಯಾಕ್ ಡೇ’ ಎನ್ನುತ್ತಾರೆ. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಮತ್ತು ಕೊಯಮತ್ತೂರು ಸಮೀಪದ ಕರಿ ಮೋಟಾರ್ ಸ್ಪೀಡ್‌ವೇಗಳಿಗೆ ಬೆಂಗಳೂರಿನ ಉತ್ಸಾಹಿಗಳೂ ಹೋಗಿಬರುತ್ತಾರೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರುಗಳೊಡನೆ ಭಾಗವಹಿಸುವ ‘ಫಾರ್ಮುಲಾ ಭಾರತ್’ ಸ್ಪರ್ಧೆಯೂ ಕರಿ ಟ್ರ್ಯಾಕಿನಲ್ಲಿ ನಡೆದಿದೆ. ಕರ್ನಾಟಕದ ಕಾಲೇಜು ತಂಡಗಳು ಅದರಲ್ಲಿ ಪಾಲ್ಗೊಂಡಿವೆ.

ಇಂತಹ ಕಾರು ಓಟ ಮುಗಿಸಿ ಬಂದಾಗ ಲಾಗರ್‌ನ ದಾಖಲೆಯಲ್ಲಿ ಒಂದೆರಡು ಚಾನೆಲ್‌ಗಳು ಕಾಣೆಯಾಗಿದ್ದರೆ ಏನು ಮಾಡಬೇಕು? ದೋಷವನ್ನು ಎಲ್ಲಿಂದ ಹುಡುಕಲು ಆರಂಭಿಸಬೇಕು? ಈ ಲೇಖನದ ವಿಷಯ ಅದೇ.

ಒಂದು ಗೆರೆ ಕಾಣದಿದ್ದರೆ ಏನಾಯಿತು?

ಎಂಜಿನ್ನಿನ ತಳದಲ್ಲಿ ಎಣ್ಣೆಯ ತೊಟ್ಟಿ ಇರುತ್ತದೆ. ಒಂದು ಪಂಪು ಅಲ್ಲಿಂದ ಎಣ್ಣೆಯನ್ನು ಹೀರಿ ಬೇರಿಂಗುಗಳಿಗೆ ಒತ್ತಡದಿಂದ ಕಳಿಸುತ್ತದೆ. ಕಾರು ತಿರುವಿನಲ್ಲಿ ವೇಗವಾಗಿ ಸಾಗುವಾಗ ಎಣ್ಣೆ ತೊಟ್ಟಿಯ ಹೊರಬದಿಗೆ ಸರಿಯುತ್ತದೆ. ಪಾರ್ಶ್ವದ ವೇಗೋತ್ಕರ್ಷವು ಗುರುತ್ವದ ವೇಗೋತ್ಕರ್ಷದಷ್ಟೇ ಆದರೆ ಎಣ್ಣೆಯ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ. ಒಳ್ಳೆಯ ಟೈರುಗಳಿರುವ ಕಾರು ಈ ಮಟ್ಟವನ್ನು ಮುಟ್ಟಬಲ್ಲದು. ಆಗ ಪಂಪಿನ ಕೊಳವೆಯ ಬಾಯಿ ಎಣ್ಣೆಯಿಂದ ಹೊರಗುಳಿದರೆ ಪಂಪು ಗಾಳಿಯನ್ನು ಹೀರುತ್ತದೆ. ಒತ್ತಡ ಕುಸಿಯುತ್ತದೆ. ಬೇರಿಂಗುಗಳಲ್ಲಿ ಲೋಹಕ್ಕೆ ಲೋಹ ಉಜ್ಜತೊಡಗುತ್ತದೆ. ಇದು ಕೆಲವೇ ಸೆಕೆಂಡುಗಳ ಮಾತು. ಆದರೆ ಅಷ್ಟರಲ್ಲೇ ಇಡೀ ಎಂಜಿನ್ ಹಾಳಾಗಬಹುದು.

ಈ ಕುಸಿತವನ್ನು ಚಾಲಕನ ಕಣ್ಣು ಹಿಡಿಯಲಾರದು, ಏಕೆಂದರೆ ತಿರುವಿನಲ್ಲಿ ಅವನ ದೃಷ್ಟಿ ದಾರಿಯ ಮೇಲಿರುತ್ತದೆ. ಅದನ್ನು ಹಿಡಿಯಬೇಕಾದದ್ದು ಲಾಗರ್. ಎಣ್ಣೆಯ ಒತ್ತಡದ ಚಾನೆಲ್ ಕಾಣೆಯಾಗಿರುವಾಗ ಕಾರನ್ನು ಮತ್ತೆ ಟ್ರ್ಯಾಕಿಗೆ ಇಳಿಸುವುದೆಂದರೆ ಎಂಜಿನ್ನನ್ನೇ ಪಣಕ್ಕೆ ಒಡ್ಡಿದಂತೆ.

ಸಂಕೇತದ ಪ್ರಯಾಣ

ದೋಷ ಹುಡುಕುವ ಮೊದಲು ಸಂಕೇತ ಸಾಗಿಬರುವ ದಾರಿಯನ್ನು ತಿಳಿಯಬೇಕು. ಸಂವೇದಕವು ಒತ್ತಡವನ್ನೋ ಉಷ್ಣತೆಯನ್ನೋ ವೋಲ್ಟೇಜಾಗಿ ಮಾರ್ಪಡಿಸುತ್ತದೆ. ಆ ವೋಲ್ಟೇಜು ತಂತಿ ಮತ್ತು ಕನೆಕ್ಟರ್‌ಗಳ ಮೂಲಕ ಲಾಗರ್ ತಲುಪುತ್ತದೆ. ಅಲ್ಲಿ ಅದು ಅಂಕಿಯಾಗಿ ಬದಲಾಗಿ ಸ್ಮೃತಿಯಲ್ಲಿ ಸೇರುತ್ತದೆ. ಕೊನೆಗೆ ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಇನ್ನು ಕೆಲವು ಮಾಹಿತಿಗಳನ್ನು ಎಂಜಿನ್ನಿನ ನಿಯಂತ್ರಕ ಕಂಪ್ಯೂಟರೇ ಅಂಕಿಗಳ ರೂಪದಲ್ಲಿ ಎರಡು ತಂತಿಗಳ ಮೇಲೆ ಲಾಗರ್‌ಗೆ ಕಳಿಸುತ್ತದೆ. ಉಪಗ್ರಹಗಳಿಂದ ಸ್ಥಾನವನ್ನು ತಿಳಿಸುವ ಜಿಪಿಎಸ್‌ನದು ಮೂರನೆಯ ದಾರಿ.

ಗೆರೆ ಕಾಣದಿದ್ದೊಡನೆ ಹಲವರು ಮಾಡುವ ಮೊದಲ ಕೆಲಸ ಸಂವೇದಕವನ್ನು ಬದಲಿಸುವುದು. ಆದರೆ ಸಂವೇದಕ ಈ ಸರಪಳಿಯ ಒಂದು ಕೊಂಡಿ ಮಾತ್ರ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವುದು ಕಾಣೆಯಾಗಿದೆ?’ ಎಂದಲ್ಲ, ‘ಯಾವುವು ಒಟ್ಟಿಗೆ ಕಾಣೆಯಾಗಿವೆ?’ ಎಂದು.

ಎಲ್ಲ ಚಾನೆಲ್‌ಗಳೂ ಇಲ್ಲವಾಗಿದ್ದರೆ ಲಾಗರ್‌ಗೆ ವಿದ್ಯುತ್ತೇ ಬಂದಿಲ್ಲದಿರಬಹುದು. ಫ್ಯೂಸು ಹೋಗಿರಬಹುದು, ಅರ್ತ್ ತಂತಿ ಸಡಿಲವಾಗಿರಬಹುದು. ಎಂಜಿನ್ನಿನ ಕಂಪ್ಯೂಟರಿನಿಂದ ಬರುವವು ಮಾತ್ರ ಇಲ್ಲವಾಗಿದ್ದರೆ ಅವೆರಡರ ನಡುವಣ ಸಂಪರ್ಕವನ್ನು ನೋಡಬೇಕು. ಸ್ಥಾನ ಮತ್ತು ಜಿಪಿಎಸ್ ವೇಗ ಎರಡೂ ಇಲ್ಲವಾಗಿದ್ದರೆ ಆಂಟೆನಾಕ್ಕೆ ಆಕಾಶ ಕಾಣುತ್ತಿದೆಯೇ ಎಂದು ಪರೀಕ್ಷಿಸಬೇಕು. ಉಪಗ್ರಹದ ಸಂಕೇತ ಲೋಹದ ಚಾವಣಿಯನ್ನಾಗಲಿ ಕಾರ್ಬನ್ ನಾರಿನ ಹಲಗೆಯನ್ನಾಗಲಿ ದಾಟಿ ಬರಲಾರದು. ಒಂದೇ ಒಂದು ಚಾನೆಲ್ ಇಲ್ಲವಾಗಿದ್ದರೆ ಮಾತ್ರ ಅದರ ಸಂವೇದಕ ಮತ್ತು ಅದರದೇ ತಂತಿಯ ಮೇಲೆ ಅನುಮಾನ ಪಡುವುದು ಸರಿ.

ಸೊನ್ನೆಯೂ ಒಂದು ಸಂದೇಶ

ಇಲ್ಲಿ ಎಂಜಿನಿಯರುಗಳ ಒಂದು ಜಾಣ್ಮೆಯನ್ನು ನೀವು ಗಮನಿಸಬೇಕು. ಒತ್ತಡದ ಸಂವೇದಕಗಳು ಸಾಮಾನ್ಯವಾಗಿ 5 ವೋಲ್ಟ್ ಪೂರೈಕೆಯಿಂದ ಕೆಲಸ ಮಾಡುತ್ತವೆ. ಆದರೆ ಅನೇಕ ಸಂವೇದಕಗಳು ಹೊರಕ್ಕೆ ಕೊಡುವುದು 0ಯಿಂದ 5 ವೋಲ್ಟ್ ಅಲ್ಲ, 0.5ರಿಂದ 4.5 ವೋಲ್ಟ್. ಒತ್ತಡ ಸೊನ್ನೆಯಾಗಿದ್ದಾಗ 0.5 ವೋಲ್ಟ್, ಗರಿಷ್ಠವಾಗಿದ್ದಾಗ 4.5 ವೋಲ್ಟ್. ಎರಡು ತುದಿಗಳಲ್ಲೂ ಅರ್ಧ ವೋಲ್ಟನ್ನು ವ್ಯರ್ಥ ಮಾಡಿದಂತೆ ಕಾಣುತ್ತದೆ, ಅಲ್ಲವೇ?

ಅದು ವ್ಯರ್ಥವಲ್ಲ. ಸೊನ್ನೆ ಒತ್ತಡಕ್ಕೆ ಸೊನ್ನೆ ವೋಲ್ಟನ್ನೇ ಗೊತ್ತುಮಾಡಿದ್ದರೆ, ಎಣ್ಣೆಯ ಒತ್ತಡ ಇಲ್ಲವಾದದ್ದಕ್ಕೂ ತಂತಿ ತುಂಡಾದದ್ದಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಈಗ 0.5 ವೋಲ್ಟ್ ಬಂದರೆ ‘ನಾನು ಸರಿಯಾಗಿದ್ದೇನೆ, ಒತ್ತಡ ಮಾತ್ರ ಇಲ್ಲ’ ಎಂದು ಸಂವೇದಕ ಹೇಳಿದಂತೆ. 0 ವೋಲ್ಟ್ ಬಂದರೆ ಹೇಳಲು ಸಂವೇದಕವೇ ಅಲ್ಲಿಲ್ಲ ಎಂದಂತೆ. ಕಾರ್ಖಾನೆಗಳ ಉಪಕರಣಗಳಲ್ಲಿ 0ಯಿಂದ 20 ಮಿಲಿ ಆಂಪಿಯರ್ ಬದಲು 4ರಿಂದ 20 ಮಿಲಿ ಆಂಪಿಯರ್ ವಿದ್ಯುತ್ ಪ್ರವಾಹವನ್ನು ಬಳಸುವುದಕ್ಕೂ ಇದು ಒಂದು ಮುಖ್ಯ ಕಾರಣ.

ಲೆಕ್ಕ ಹಾಕಿ ನೋಡೋಣ. ಒಂದು ಸಂವೇದಕದ ವ್ಯಾಪ್ತಿ 0ಯಿಂದ 10 ಬಾರ್ ಎನ್ನಿ. 4 ವೋಲ್ಟಿಗೆ 10 ಬಾರ್ ಆದರೆ 1 ವೋಲ್ಟಿಗೆ 2.5 ಬಾರ್. ಬಂದ ವೋಲ್ಟೇಜಿನಿಂದ 0.5 ಕಳೆದು 2.5ರಿಂದ ಗುಣಿಸಬೇಕು. 2.5 ವೋಲ್ಟ್ ಬಂದರೆ ಒತ್ತಡ 5 ಬಾರ್. ಏನೂ ಬಾರದೆ 0 ವೋಲ್ಟ್ ಆದರೆ ಉತ್ತರ ಮೈನಸ್ 1.25 ಬಾರ್! ಪೂರ್ಣ ನಿರ್ವಾತದಲ್ಲಿ ಕೂಡ ಒತ್ತಡ ಹೊರಗಿನ ವಾತಾವರಣಕ್ಕಿಂತ ಸುಮಾರು 1 ಬಾರ್ ಮಾತ್ರ ಕಡಿಮೆಯಾಗಬಲ್ಲದು. ಆದ್ದರಿಂದ ಈ ಅಂಕಿ ಪ್ರಕೃತಿಯಲ್ಲಿ ಅಸಾಧ್ಯ. ಅಸಾಧ್ಯವಾದ ಅಂಕಿ ಕಂಡರೆ ದೋಷವಿರುವುದು ಎಂಜಿನ್ನಿನಲ್ಲಲ್ಲ, ವಿದ್ಯುತ್ ಮಂಡಲದಲ್ಲಿ ಎಂದು ತಿಳಿಯಬೇಕು. ಪರದೆಯ ಮೇಲಿನ ನಕ್ಷೆ ಸೊನ್ನೆಯಿಂದ ಆರಂಭವಾಗುವಂತೆ ಹೊಂದಿಸಿದ್ದರೆ ಈ ಗೆರೆ ಕೆಳಗೆ ಮರೆಯಾಗುತ್ತದೆ. ಆಗ ಚಾನೆಲ್ ‘ಕಾಣೆಯಾಗಿದೆ’ ಎಂದು ನಾವು ಹೇಳುತ್ತೇವೆ.

ನಿರಪರಾಧಿ ಸಂವೇದಕ

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಮೊದಲ ಓಟದ ನಂತರ ಎಣ್ಣೆಯ ಒತ್ತಡ, ಬ್ರೇಕಿನ ಒತ್ತಡ ಮತ್ತು ಸ್ಟೀರಿಂಗ್ ಕೋನ ಈ ಮೂರು ಚಾನೆಲ್‌ಗಳು ಒಂದೇ ಕ್ಷಣದಲ್ಲಿ ನಿಂತುಹೋಗಿವೆ. ಎಂಜಿನ್ ವೇಗ, ಜಿಪಿಎಸ್ ಎಲ್ಲ ಸರಿಯಾಗಿವೆ. ಮೂರು ಸಂವೇದಕಗಳು ಒಂದೇ ಗಳಿಗೆಯಲ್ಲಿ ಕೆಡುವುದು ನಂಬುವ ಮಾತಲ್ಲ. ಹಾಗಾದರೆ ಮೂವರಿಗೂ ಸಮಾನವಾದುದು ಯಾವುದು? ಲಾಗರ್‌ನಿಂದ ಹೊರಟು ಮೂರಕ್ಕೂ ಹಂಚಿಕೆಯಾಗುವ 5 ವೋಲ್ಟ್ ಪೂರೈಕೆ.

ಮಲ್ಟಿಮೀಟರಿನಿಂದ ಅಳೆದಾಗ 5 ವೋಲ್ಟ್ ಇರಬೇಕಾದಲ್ಲಿ 1 ವೋಲ್ಟೂ ಇಲ್ಲ. ಈಗ ಲಾಗರ್‌ನ ಕಡೆಯಿಂದ ಒಂದೊಂದೇ ಸಂವೇದಕದ ಕನೆಕ್ಟರ್ ಬಿಚ್ಚುತ್ತಾ ಮೀಟರನ್ನು ನೋಡಬೇಕು. ಎಣ್ಣೆಯ ಒತ್ತಡದ್ದನ್ನು ಬಿಚ್ಚಿದರೆ ಬದಲಾವಣೆ ಇಲ್ಲ. ಬ್ರೇಕಿನದನ್ನು ಬಿಚ್ಚಿದರೂ ಇಲ್ಲ. ಸ್ಟೀರಿಂಗಿನದನ್ನು ಬಿಚ್ಚಿದೊಡನೆ 5 ವೋಲ್ಟ್ ಮರಳುತ್ತದೆ. ಸ್ಟೀರಿಂಗ್ ದಂಡಕ್ಕೆ ಉಜ್ಜಿ ಹೊದಿಕೆ ಸವೆದ ತಂತಿಯೊಂದು ಕಾರಿನ ಲೋಹದ ಮೈಗೆ ತಾಗುತ್ತಿದೆ. ಅದೊಂದೇ ತಂತಿ ಉಳಿದಿಬ್ಬರ ಪಾಲನ್ನೂ ಕಸಿದುಕೊಂಡಿತ್ತು. ಎಣ್ಣೆಯ ಒತ್ತಡದ ಸಂವೇದಕ ನಿರಪರಾಧಿ. ಅದನ್ನು ಬದಲಿಸಿದ್ದರೆ ಹಣವೂ ಹೊತ್ತೂ ಹೋಗುತ್ತಿದ್ದವು, ದೋಷ ಮಾತ್ರ ಉಳಿಯುತ್ತಿತ್ತು.

ಎರಡು ತಂತಿಗಳ ಸಂಭಾಷಣೆ

ಎಂಜಿನ್ನಿನ ಕಂಪ್ಯೂಟರು ಮಾತನಾಡುವ ಎರಡು ತಂತಿಗಳ ವ್ಯವಸ್ಥೆಗೆ ‘ಕ್ಯಾನ್’ ಎಂದು ಹೆಸರು. ಜರ್ಮನಿಯ ಬಾಷ್ ಕಂಪನಿ ಇದನ್ನು 1986ರಲ್ಲಿ ಪ್ರಕಟಿಸಿತು. ಸುಮ್ಮನಿರುವಾಗ ಎರಡು ತಂತಿಗಳಲ್ಲೂ ಸುಮಾರು 2.5 ವೋಲ್ಟ್ ಇರುತ್ತದೆ. ಸಂದೇಶ ಹೊರಟಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಎಂಜಿನ್ನಿನ ಕಿಡಿಗಳಿಂದ ಬರುವ ವಿದ್ಯುತ್ ಗದ್ದಲ ಎರಡು ತಂತಿಗಳನ್ನೂ ಸಮನಾಗಿ ತಟ್ಟುವುದರಿಂದ ಅವುಗಳ ನಡುವಿನ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ.

ಈ ಜೋಡಿಯ ಎರಡು ತುದಿಗಳಲ್ಲೂ 120 ಓಮ್‌ನ ಒಂದೊಂದು ರೋಧಕ ಇರಬೇಕು. ಸಮಾಂತರವಾಗಿ ಜೋಡಿಸಿದ ಎರಡು 120 ಓಮ್‌ಗಳ ಒಟ್ಟು ರೋಧ 60 ಓಮ್ ಎಂಬುದು ನಿಮಗೆ ಭೌತಶಾಸ್ತ್ರದ ತರಗತಿಯಲ್ಲೇ ತಿಳಿದಿದೆ. ಬ್ಯಾಟರಿಯ ಸಂಪರ್ಕ ತೆಗೆದು ಎರಡು ತಂತಿಗಳ ನಡುವೆ ಅಳೆದಾಗ 60ರ ಆಸುಪಾಸು ಬಂದರೆ ಸರಿ. 120 ಬಂದರೆ ಒಂದು ರೋಧಕ ಇಲ್ಲ, ಇಲ್ಲವೇ ನಡುವೆ ತಂತಿ ತುಂಡಾಗಿದೆ. 40 ಬಂದರೆ ಯಾರೋ ಮೂರನೆಯ ರೋಧಕವನ್ನು ಸೇರಿಸಿದ್ದಾರೆ. ಸೊನ್ನೆಯ ಸಮೀಪ ಬಂದರೆ ತಂತಿಗಳು ಪರಸ್ಪರ ತಾಗಿವೆ.

ತಂತಿ ಸರಿಯಿದ್ದರೂ ಮಾತು ಅರ್ಥವಾಗದೆ ಹೋಗಬಹುದು. ಒಂದು ಕಡೆ ಸೆಕೆಂಡಿಗೆ 5 ಲಕ್ಷ ಬಿಟ್, ಇನ್ನೊಂದು ಕಡೆ 10 ಲಕ್ಷ ಬಿಟ್ ಎಂದು ಹೊಂದಿಸಿದ್ದರೆ ಒಂದು ಚಾನೆಲ್ ಕೂಡ ಬಾರದು. ವೇಗ ಹೊಂದಿದರೂ ಅಂಕಿಗಳ ಕ್ರಮ ತಪ್ಪಬಹುದು. ಎಂಜಿನ್ನಿನ ವೇಗ 12 ಮತ್ತು 200 ಎಂಬ ಎರಡು ಬೈಟುಗಳಲ್ಲಿ ಬಂದಿತೆನ್ನಿ. 12ನ್ನು 256ರಿಂದ ಗುಣಿಸಿ 200 ಕೂಡಿಸಿದರೆ ನಿಮಿಷಕ್ಕೆ 3,272 ಸುತ್ತುಗಳು. ಕ್ರಮ ಹಿಂದುಮುಂದಾದರೆ ಅದೇ 51,212 ಆಗುತ್ತದೆ! ನಕ್ಷೆಯ ಮಿತಿ 8,000 ಇದ್ದರೆ ಗೆರೆ ಮೇಲಕ್ಕೆ ಹಾರಿ ಮರೆಯಾಗುತ್ತದೆ. ಇದನ್ನು ಸರಿಪಡಿಸಲು ಬೇಕಾದದ್ದು ಲಾಗರ್‌ನ ಹೊಂದಾಣಿಕೆ, ಇಕ್ಕಳವಲ್ಲ.

ಇಲ್ಲದ್ದನ್ನು ಹುಡುಕಬೇಡಿ

ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾದ, ಈಗ ನಮ್ಮ ಕಾರುಗಳಲ್ಲೂ ಇರುವ 16 ಪಿನ್ನುಗಳ ತಪಾಸಣಾ ಸಾಕೆಟ್ಟಿಗೆ ಲಾಗರನ್ನು ಜೋಡಿಸುವವರಿದ್ದಾರೆ. ಅಲ್ಲಿ ಲಾಗರ್ ಪ್ರಶ್ನೆ ಕೇಳುತ್ತದೆ, ಕಾರು ಉತ್ತರಿಸುತ್ತದೆ. ‘ನಿನಗೆ ಯಾವ ಯಾವ ಅಳತೆಗಳು ಗೊತ್ತು?’ ಎಂದು ಕೇಳುವ ಅವಕಾಶವೂ ಇದೆ. ಕಾರು 32 ಬಿಟ್‌ಗಳ ಉತ್ತರ ಕೊಡುತ್ತದೆ. 1 ಎಂದರೆ ಆ ಅಳತೆ ಇದೆ, 0 ಎಂದರೆ ಇಲ್ಲ. ಅನೇಕ ರಸ್ತೆ ಕಾರುಗಳಲ್ಲಿ ಎಣ್ಣೆಯ ಒತ್ತಡವನ್ನು ಅಳೆಯುವ ಸಂವೇದಕವೇ ಇರುವುದಿಲ್ಲ. ಒತ್ತಡ ತೀರ ಕುಸಿದಾಗ ದೀಪ ಹೊತ್ತಿಸುವ ಸ್ವಿಚ್ಚು ಮಾತ್ರ ಇರುತ್ತದೆ. ಅಂತಹ ಕಾರಿನಲ್ಲಿ ಆ ಚಾನೆಲ್ ಕಾಣೆಯಾದದ್ದಲ್ಲ, ಎಂದೂ ಇರಲೇ ಇಲ್ಲ.

ಇದೇ ಸಾಕೆಟ್ಟಿನಲ್ಲಿ ಎಂಜಿನ್ ತಂಪುಕಾರಕದ ಉಷ್ಣತೆ ಒಂದು ಬೈಟಿನಲ್ಲಿ ಬರುತ್ತದೆ. ಅದರಿಂದ 40 ಕಳೆದರೆ ಸೆಲ್ಸಿಯಸ್ ಡಿಗ್ರಿ. ಬೈಟು 0 ಆದಾಗ ಪರದೆಯ ಮೇಲೆ ಮೈನಸ್ 40 ಕಾಣುತ್ತದೆ. ಕೊಯಮತ್ತೂರಿನ ಬಿಸಿಲಿನಲ್ಲಿ ನಿಂತ ಕಾರು ಮೈನಸ್ 40 ಎಂದರೆ ತಂತಿಯನ್ನು ನೋಡಬೇಕೆಂದು ಅರ್ಥ.

ಇನ್ನೊಂದು ಬಗೆಯ ಮರೆವೂ ಉಂಟು. ಗಂಟೆಗೆ 108 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ 30 ಮೀಟರ್ ಸಾಗುತ್ತದೆ. ಎಣ್ಣೆಯ ಒತ್ತಡವನ್ನು ಸೆಕೆಂಡಿಗೆ ಒಮ್ಮೆ ಮಾತ್ರ ಬರೆದರೆ ಅರ್ಧ ಸೆಕೆಂಡಿನ ಕುಸಿತ ಎರಡು ಅಳತೆಗಳ ನಡುವೆ ಜಾರಿಹೋಗಬಹುದು. ಗೆರೆ ಇದೆ, ಸುದ್ದಿ ಇಲ್ಲ!

ಬಂದು ಹೋಗುವ ದೋಷ

ಪಿಟ್‌ನಲ್ಲಿ ಸರಿಯಾಗಿದ್ದು ಟ್ರ್ಯಾಕಿನಲ್ಲಿ ಮಾತ್ರ ಕೈಕೊಡುವ ಚಾನೆಲ್ ಎಲ್ಲಕ್ಕಿಂತ ಕಷ್ಟದ್ದು. ಇಲ್ಲಿ ಉಳಿದ ಚಾನೆಲ್‌ಗಳೇ ಸಾಕ್ಷಿ ಹೇಳುತ್ತವೆ. ಎಡ ತಿರುವುಗಳಲ್ಲಿ ಮಾತ್ರ ಕಡಿದುಹೋದರೆ ಯಾವುದೋ ತಂತಿ ಎಳೆತಕ್ಕೆ ಸಿಕ್ಕಿದೆ. ಎಂಜಿನ್ ಬಿಸಿಯೇರಿದ ನಂತರ ಹೋದರೆ ಶಾಖಕ್ಕೆ ಹತ್ತಿರವಿರುವ ಕೂಡುಗಳನ್ನು ನೋಡಬೇಕು. ಸ್ಟಾರ್ಟ್ ಮಾಡಿದ ಕ್ಷಣದಲ್ಲಿ ಹೋದರೆ ಬ್ಯಾಟರಿಯ ವೋಲ್ಟೇಜು ಕುಸಿದು ಲಾಗರ್ ಮರುಚಾಲನೆಗೊಂಡಿರಬಹುದು. ಕಾರು ನಿಂತಿರುವಾಗ ಕನೆಕ್ಟರ್‌ಗಳನ್ನು ಒಂದೊಂದಾಗಿ ಮೆಲ್ಲನೆ ಅಲುಗಾಡಿಸುತ್ತ, ಒಬ್ಬರು ಪರದೆಯನ್ನು ನೋಡುತ್ತಿದ್ದರೆ ಸಡಿಲವಾದ ಪಿನ್ನು ಸಿಕ್ಕಿಬೀಳುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಪುಸ್ತಕದಲ್ಲಿ ಬರೆದಿಡುವುದು ಈ ಕೆಲಸದ ಮುಖ್ಯ ನಿಯಮ. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯದು. ಎಣ್ಣೆಯ ಒತ್ತಡ ಅಥವಾ ಬ್ರೇಕಿನ ಒತ್ತಡದ ಚಾನೆಲ್ ಮರಳಿ ಬರುವವರೆಗೆ, ಸಮಯ ಎಷ್ಟೇ ಕಡಿಮೆಯಿದ್ದರೂ, ಕಾರನ್ನು ವೇಗವಾಗಿ ಓಡಿಸಬಾರದು.

ಇದನ್ನು ತಿಳಿಯಲು ನಿಮಗೆ ಓಟದ ಕಾರು ಬೇಕಿಲ್ಲ. ನಿಮ್ಮ ಪ್ರಯೋಗಶಾಲೆಯಲ್ಲಿ ಎರಡು 120 ಓಮ್ ರೋಧಕಗಳನ್ನು ಎರಡು ಉದ್ದದ ತಂತಿಗಳ ತುದಿಗಳಿಗೆ ಕಟ್ಟಿ, ನಡುವೆ ಮಲ್ಟಿಮೀಟರ್ ಹಿಡಿಯಿರಿ. ನೀವು ನೋಡದಂತೆ ಗೆಳೆಯನೊಬ್ಬ ಒಂದು ತಂತಿಯನ್ನು ಬಿಡಿಸಲಿ, ಇಲ್ಲವೇ ಮೂರನೆಯ ರೋಧಕವನ್ನು ಸೇರಿಸಲಿ. ಮೀಟರಿನ ಅಂಕಿಯೊಂದರಿಂದಲೇ ಅವನು ಏನು ಮಾಡಿದನೆಂದು ಹೇಳಲು ಪ್ರಯತ್ನಿಸಿ.