ಮಾಸ್ಟ್ ಸೊಟ್ಟಾದರೆ ನೆಟ್ಟಗೆ ಮಾಡುವುದೋ, ಬದಲಿಸುವುದೋ?

ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯ ಸರಾಸರಿ ಆಳ 12 ಅಡಿಯ ಆಸುಪಾಸು. ಮೀನು ಸಿಗುವ ಜಾಗಗಳಲ್ಲಿ ಅಷ್ಟೂ ಇರುವುದಿಲ್ಲ. ಇಳಿತದ ಹೊತ್ತಿಗೆ ಆಯ್ಸ್ಟರ್ ಚಿಪ್ಪಿನ ದಿಬ್ಬಗಳು ಮೊಣಕಾಲುದ್ದ ನೀರಿನಡಿ ಕಾದು ಕೂತಿರುತ್ತವೆ. ಪೆಡಲ್ ತುಳಿದು ಸಾಗುವ ಕಯಾಕ್‌ಗೆ ಅಲ್ಲೇ ಪೆಟ್ಟು.

1997ರಲ್ಲಿ ಕ್ಯಾಲಿಫೋರ್ನಿಯಾದ ಹೋಬಿ ಕಂಪನಿ ಮಿರಾಜ್ ಡ್ರೈವ್ ತಂದ ಮೇಲೆ, ಹುಟ್ಟು ಹಾಕುತ್ತಿದ್ದ ಕೈಗಳು ಗಾಳಕ್ಕೆ ಬಿಡುವಾದವು. ತುಳಿದಂತೆಲ್ಲ ದೋಣಿಯ ಹೊಟ್ಟೆಯಡಿ ಎರಡು ಫಿನ್‌ಗಳು ಪೆಂಗ್ವಿನ್ ರೆಕ್ಕೆಯ ಹಾಗೆ ಆಚೀಚೆ ಬೀಸುತ್ತವೆ. ಫಿನ್ನಿನ ಬೆನ್ನೆಲುಬು ಒಂದು ಸ್ಟೇನ್‌ಲೆಸ್ ಸ್ಟೀಲ್ ಸರಳು. ಅದಕ್ಕೆ ಮಾಸ್ಟ್ ಎನ್ನುತ್ತಾರೆ. ಮೊದಲು ಸೊಟ್ಟಾಗುವುದು ಇದೇ.

ಎಷ್ಟು ಬಲಕ್ಕೆ? ಲೆಕ್ಕಕ್ಕೆ 8 ಮಿ.ಮೀ. ದಪ್ಪದ, 40 ಸೆಂ.ಮೀ. ಉದ್ದದ, 316 ದರ್ಜೆಯ ಮೆದು ಸರಳನ್ನು ಹಿಡಿಯೋಣ. ಬುಡ ಬಿಗಿಯಾಗಿದ್ದು ತುದಿಗೆ 2.6 ಕಿಲೋ ಭಾರ ಬಿದ್ದರೆ ಸಾಕು, ಅದು ಶಾಶ್ವತವಾಗಿ ಬಾಗತೊಡಗುತ್ತದೆ. ತಣ್ಣಗೆ ಎಳೆದು ಗಟ್ಟಿ ಮಾಡಿದ ಸರಳು ಇನ್ನಷ್ಟು ತಡೆಯುತ್ತದೆ, ನಿಜ. ಆದರೆ ಎದುರಿಗಿರುವ ಲೆಕ್ಕವನ್ನೂ ನೋಡಿ. ಆಳು, ಸಾಮಾನು ಸೇರಿ 135 ಕಿಲೋ ತೂಗುವ ಕಯಾಕ್ ಗಂಟೆಗೆ 6 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 188 ಜೌಲ್. 19 ಕಿಲೋ ಅಕ್ಕಿ ಚೀಲವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿದಷ್ಟು. ವೇಗ 3ಕ್ಕೆ ಇಳಿದರೆ ಅದು 47 ಜೌಲ್, ನಾಲ್ಕರಲ್ಲಿ ಒಂದು ಪಾಲು.

ದಪ್ಪ ಹೆಚ್ಚಿಸಿದರೆ ಲಾಭವಿದೆ. 8ರ ಬದಲು 9.5 ಮಿ.ಮೀ. ಹಾಕಿದರೆ ಸರಳಿನ ತೂಕ 161 ಗ್ರಾಮಿನಿಂದ 227ಕ್ಕೆ, ಅಂದರೆ ಶೇ. 41 ಏರುತ್ತದೆ. ಬಾಗದೆ ತಡೆಯುವ ಶಕ್ತಿ ಏರುವುದು ಶೇ. 67. ಎರಡು ಫಿನ್ನಿಗೆ ಹೆಚ್ಚುವ 132 ಗ್ರಾಂ ಒಂದು ಸಣ್ಣ ಮೀನಿನ ತೂಕ, ಯಾರೂ ದೂರಲಾರರು.

ಇನ್ನು ರಿಪೇರಿ. ಫಿನ್ ಕಳಚಿ, ಸರಳನ್ನು ದಪ್ಪ ಗಾಜಿನ ಮೇಲೆ ಉರುಳಿಸಿ. ಸೊಟ್ಟವಿದ್ದರೆ ಟಕ್ ಟಕ್ ಎಂದು ಕುಣಿಯುತ್ತದೆ. ಅಡಿಯಲ್ಲಿ ಬೆಳಕು ಕಾಣುವ ಜಾಗವೇ ಬಾಗಿದ ಜಾಗ. ಅಲ್ಲಿಗೆ ಗುರುತು ಹಾಕಿ, ವೈಸ್‌ನ ಬಾಯಿಗೆ ಎರಡು ಮರದ ತುಂಡು ಕೊಟ್ಟು ಹಿಡಿಸಿ, ಮೇಲೊಂದು ಪೈಪು ತೂರಿಸಿ ಒತ್ತಬೇಕು. ಹೊಸಬರು ಎಡವುವುದು ಇಲ್ಲೇ. ಮೇಲಿನ ಸರಳಿನ ತುದಿ ಸುಮಾರು 14 ಮಿ.ಮೀ. ಬಾಗಿದರೂ ಬಿಟ್ಟ ಕೂಡಲೇ ಚಿಮ್ಮಿ ಹಿಂದಕ್ಕೆ ಬರುತ್ತದೆ. ಆದ್ದರಿಂದ 12 ಮಿ.ಮೀ. ಸೊಟ್ಟಕ್ಕೆ ಬರೀ 12 ಒತ್ತಿದರೆ ಬೆವರು ಮಾತ್ರ ಲಾಭ. ನೆಟ್ಟಗಿನ ಗೆರೆ ದಾಟಿಸಿ ಒತ್ತಬೇಕು, ಬಿಡಬೇಕು, ಮತ್ತೆ ಗಾಜಿನ ಮೇಲೆ ಉರುಳಿಸಬೇಕು.

ಕಾಯಿಸುವ ಗೋಜಿಗೆ ಮಾತ್ರ ಹೋಗಬೇಡಿ. 425ರಿಂದ 860 ಡಿಗ್ರಿ ಸೆಲ್ಸಿಯಸ್ ನಡುವೆ ಹೊತ್ತು ಕಳೆದ ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಇಂಗಾಲದ ಜೊತೆ ಕೂಡಿ, ತುಕ್ಕು ತಡೆಯುವ ಗುಣ ಕುಂದುತ್ತದೆ. ಉಪ್ಪುನೀರು ಅದನ್ನು ಹುಡುಕಿಕೊಂಡು ಬರುತ್ತದೆ.

ಯಾವ ಸೊಟ್ಟ ಸರಿಹೋದೀತು? 200 ಮಿ.ಮೀ. ತ್ರಿಜ್ಯದ ಉದ್ದನೆಯ ಬಾಗಿನಲ್ಲಿ ಸರಳಿನ ಹೊರಮೈ ಶೇ. 2 ಹಿಗ್ಗಿರುತ್ತದೆ. 40 ಮಿ.ಮೀ. ತ್ರಿಜ್ಯದ ಮೊಣಕೈ ಬಾಗಿನಲ್ಲಿ ಶೇ. 10. ನೆಟ್ಟಗೆ ಮಾಡುವಾಗ ಅದೇ ಲೋಹ ಅಷ್ಟೇ ಕುಗ್ಗಬೇಕು. ನಿಮಿಷಕ್ಕೆ 60 ತುಳಿತದಂತೆ ನಾಲ್ಕು ಗಂಟೆಯ ಮೀನುಬೇಟೆಗೆ 14,400 ತುಳಿತ. ಕೂದಲೆಳೆ ಬಿರುಕು ದೊಡ್ಡದಾಗಲು ಒಂದು ಸೀಸನ್ ಬೇಕಿಲ್ಲ. ಉದ್ದನೆಯ ಬಾಗನ್ನು ತಿದ್ದಿ, ಮೊಣಕೈಯನ್ನು ಎಸೆಯಿರಿ.

ದುಡ್ಡಿನ ಮಾತು. ಹೊಸ ಸರಳಿಗೆ 50 ಡಾಲರ್ ಎಂದುಕೊಂಡರೆ ಫ್ಲಾರಿಡಾದ ಶೇ. 6 ರಾಜ್ಯ ತೆರಿಗೆ ಸೇರಿ 53. ಅಲ್ಲಿನ ಕನಿಷ್ಠ ಕೂಲಿ 2025ರ ಸೆಪ್ಟೆಂಬರ್ 30ರಿಂದ ಗಂಟೆಗೆ 14 ಡಾಲರ್. 40 ನಿಮಿಷದ ಕೆಲಸಕ್ಕೆ 9.33. ಆರನೆಯ ಸಲ ಒತ್ತುವಷ್ಟರಲ್ಲಿ 56 ಆಯಿತು. ಆದರೆ ಒಂದೇ ಜಾಗವನ್ನು ಆರು ಸಲ ತಿದ್ದಿಸಿಕೊಂಡು ಉಳಿಯುವ ಸರಳಿಲ್ಲ; ಎರಡನೆಯ ಸಲಕ್ಕೇ ಹೊಸದು ತನ್ನಿ.

ಕಾಸಿಲ್ಲದ ಉಪಾಯವೂ ಒಂದಿದೆ. ದಿಬ್ಬ ಕಂಡೊಡನೆ ಒಂದು ಪೆಡಲನ್ನು ಪೂರ್ತಿ ಮುಂದಕ್ಕೆ ತಳ್ಳಿ. ಫಿನ್‌ಗಳೆರಡೂ ದೋಣಿಯ ಹೊಟ್ಟೆಗೆ ಅಂಟಿಕೊಳ್ಳುತ್ತವೆ.