ಮನೆಯೇ ಬಾಲಮಂದಿರ: ಪುಟ್ಟ ಕೈಗಳಿಗೆ ಖರ್ಚಿಲ್ಲದ ಕೆಲಸಗಳು

ಕಳೆದ ವರ್ಷದ ಬೇಸಿಗೆಯ ಒಂದು ಸಂಜೆ ಧಾರವಾಡದಿಂದ ನಮ್ಮ ತಾಯಿಯವರ ದೂರವಾಣಿ ಕರೆ ಬಂದಿತ್ತು. ಮೂರೂವರೆ ವರ್ಷದ ಮೊಮ್ಮಗಳ ಕೈಗೆ ಫೋನು ಕೊಟ್ಟೆವು. "ಏನ್ ಮಾಡಾಕತ್ತೀ ಪುಟ್ಟೀ?" ಎಂದು ಮುತ್ತಜ್ಜಿ ಅಕ್ಕರೆಯಿಂದ ಕೇಳಿದರು. ಮಗು ಕ್ಷಣಕಾಲ ಸುಮ್ಮನಿದ್ದು, ಫೋನನ್ನು ನಮಗೇ ಹಿಂದಿರುಗಿಸಿ, "ಬಾ ಶುಂ ಬೋಲೇ ಛೇ?" ಎಂದಿತು. ಅಜ್ಜಿ ಏನು ಹೇಳುತ್ತಿದ್ದಾರೆ ಎಂದು ಗುಜರಾತಿಯಲ್ಲಿ ನಮ್ಮನ್ನೇ ಕೇಳುತ್ತಿತ್ತು. ಆ ಕಡೆಯಿಂದ ಮುತ್ತಜ್ಜಿಗೆ ಅದು ಕೇಳಿಸಿತೋ ಇಲ್ಲವೋ, ನಾವು ವಿಚಾರಿಸಲಿಲ್ಲ.

ಮಂಜಲ್‌ಪುರದಲ್ಲಿ ನೆಲೆಸಿರುವ ನಮ್ಮಂತಹ ಅನೇಕ ಕನ್ನಡ ಕುಟುಂಬಗಳಿಗೆ ಈ ಅನುಭವ ಹೊಸದಲ್ಲ. ಮಗ, ಸೊಸೆ ಇಬ್ಬರೂ ಉದ್ಯೋಗಸ್ಥರು. ಮಗುವಿನ ಬೆಳಗು ಪ್ಲೇಸ್ಕೂಲಿನಲ್ಲಿ, ಮಧ್ಯಾಹ್ನ ನೋಡಿಕೊಳ್ಳುವ ಗುಜರಾತಿ ಮಾಸಿಯವರ ಜೊತೆಯಲ್ಲಿ, ಸಂಜೆ ಮೊಬೈಲಿನ ಮುಂದೆ ಕಳೆಯುತ್ತಿತ್ತು. ಗುಜರಾತಿ ಕಲಿತದ್ದು ಸಂತೋಷದ ಸಂಗತಿಯೇ. ಅನ್ನ ಕೊಟ್ಟ ನೆಲದ ಭಾಷೆ ಅದು. ಆದರೆ ಕನ್ನಡಕ್ಕೆ ಆ ದಿನಚರಿಯಲ್ಲಿ ಜಾಗವೇ ಉಳಿದಿರಲಿಲ್ಲ. ಅಂದಿನಿಂದ ಪ್ರತಿ ಸಂಜೆ ಅರ್ಧ ಗಂಟೆ ಮಗುವಿನೊಂದಿಗೆ ನೆಲದ ಮೇಲೆ ಕುಳಿತು ಏನಾದರೊಂದು ಕೈಕೆಲಸ ಮಾಡುವುದೆಂದೂ, ಆ ಹೊತ್ತಿನಲ್ಲಿ ಕನ್ನಡವನ್ನೇ ಆಡುವುದೆಂದೂ ನಾವು ದಂಪತಿಗಳು ನಿಶ್ಚಯಿಸಿದೆವು. ಈ ಒಂದು ವರ್ಷದಲ್ಲಿ ಕಂಡುಕೊಂಡದ್ದನ್ನು ಬಂಧುಗಳೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಗುಜರಾತಿನ ನೆಲದಲ್ಲೇ ಇರುವ ಪಾಠ

ಮಕ್ಕಳು ಕೈಯಿಂದ ಕಲಿಯುತ್ತಾರೆ ಎಂಬುದನ್ನು ಈ ದೇಶಕ್ಕೆ ಮನಗಾಣಿಸಿದವರಲ್ಲಿ ಗುಜರಾತಿನ ಗಿಜುಭಾಯಿ ಬಧೇಕಾ ಅಗ್ರಗಣ್ಯರು. 1885ರಲ್ಲಿ ಜನಿಸಿದ ಅವರು ವೃತ್ತಿಯಿಂದ ವಕೀಲರು. ತಮಗೊಬ್ಬ ಮಗ ಹುಟ್ಟಿದ ಮೇಲೆ, ಅವನನ್ನು ಬೆಳೆಸುವುದು ಹೇಗೆಂಬ ಚಿಂತೆಯಿಂದ ಶಿಕ್ಷಣದತ್ತ ಹೊರಳಿದರು. ಇಟಲಿಯ ಮರಿಯಾ ಮಾಂಟೆಸರಿ ಅವರ ವಿಚಾರಗಳಿಂದ ಪ್ರಭಾವಿತರಾಗಿ, 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಮಕ್ಕಳನ್ನು ತಾಯಿಯಂತೆ ಕಾಣುತ್ತಿದ್ದ ಅವರನ್ನು ಜನರು ಪ್ರೀತಿಯಿಂದ 'ಮೀಸೆಯ ತಾಯಿ' ಎಂದು ಕರೆದರು.

ಅವರೊಂದಿಗೆ ಭಾವನಗರದಲ್ಲಿ ದುಡಿದ ತಾರಾಬಾಯಿ ಮೋಡಕ್, ಗುಜರಾತಿನ ಗಡಿಗೆ ಹತ್ತಿರವಿರುವ ಮಹಾರಾಷ್ಟ್ರದ ಬೋರ್ಡಿಯಲ್ಲಿ 1945ರಲ್ಲಿ ಬಡಮಕ್ಕಳಿಗಾಗಿ ಬಾಲವಾಡಿ ತೆರೆದರು. ದುಬಾರಿ ಸಾಧನಗಳಿಗೆ ಹಣವಿರಲಿಲ್ಲ. ಎಲೆ, ಕಲ್ಲು, ಚಿಪ್ಪು, ಬೀಜ ಮುಂತಾಗಿ ಊರಿನಲ್ಲೇ ಸಿಗುವ ವಸ್ತುಗಳನ್ನೇ ಅವರೂ ಅವರ ಸಹೋದ್ಯೋಗಿ ಅನುತಾಯಿ ವಾಘ್ ಅವರೂ ಪಾಠೋಪಕರಣವನ್ನಾಗಿಸಿದರು. 1975ರಲ್ಲಿ ದೇಶದ 33 ಕಡೆ ಆರಂಭವಾದ ಅಂಗನವಾಡಿ ಯೋಜನೆಯ ಹಿಂದೆಯೂ ಇಂತಹ ಅನುಭವಗಳ ಪರಂಪರೆಯಿದೆ. ಆ 33ರಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ, ಅಂದು ವಡೋದರಾ ಜಿಲ್ಲೆಗೆ ಸೇರಿದ್ದ ಛೋಟಾ ಉದೇಪುರವೂ ಇದ್ದವೆಂಬುದು ನಮಗೆ ಆಪ್ತವೆನಿಸುವ ಸಂಗತಿ.

ಬೆರಳಿಗೇಕೆ ಇಷ್ಟು ಮಹತ್ವ?

ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಮೂಳೆಗಳಿವೆ. ಹುಟ್ಟುವಾಗ ಅವು ಇನ್ನೂ ಮೂಳೆಯಾಗಿರದೆ, ಮೆತ್ತಗಿನ ಮೃದ್ವಸ್ಥಿಯಾಗಿರುತ್ತವೆ. ಒಂದೊಂದಾಗಿ ಗಟ್ಟಿಗೊಳ್ಳುತ್ತಾ, ಎಂಟೂ ಮೂಳೆಗಳು ರೂಪುಗೊಳ್ಳಲು ಸುಮಾರು ಹತ್ತು ವರ್ಷ ಬೇಕು. ಮೂರು ವರ್ಷದ ಮಗುವಿಗೆ ಪೆನ್ಸಿಲು ಕೊಟ್ಟು ಅಕ್ಷರ ತಿದ್ದಿಸುವುದು ಅದಕ್ಕೆ ಏಕೆ ಕಷ್ಟವೆಂಬುದು ಇದರಿಂದ ಅರ್ಥವಾದೀತು. ಅದೇ ಮಗು ಹಿಟ್ಟು ನಾದಬಲ್ಲದು, ಬಟಾಣಿ ಸುಲಿಯಬಲ್ಲದು, ಕಾಗದ ಹರಿಯಬಲ್ಲದು. ಮುಂದೆ ಪೆನ್ಸಿಲು ಹಿಡಿಯಲು ಬೇಕಾದ ಶಕ್ತಿ ಇಂತಹ ಕೆಲಸಗಳಿಂದಲೇ ಕೈಸೇರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಆಟಕ್ಕೂ ಮನೆಮಾತಿಗೂ ಪ್ರಾಧಾನ್ಯ ನೀಡಿದೆ.

ಬ್ಯಾಂಕಿನ ಕೌಂಟರಿನಲ್ಲಿ ದಶಕಗಳ ಕಾಲ ನೋಟು ಎಣಿಸಿದ ನಮಗೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ಸಂಶಯದ ನೋಟನ್ನು ಕಣ್ಣು ಗುರುತಿಸುವ ಮೊದಲೇ ಬೆರಳು ಗುರುತಿಸುತ್ತದೆ. ಬೆರಳಿಗೂ ಒಂದು ಬಗೆಯ ಜ್ಞಾನವಿದೆ.

ಹಿಟ್ಟು ಮತ್ತು ಮಣ್ಣು

ಮೊದಲ ಪಾಠ ಅಡುಗೆಮನೆಯಲ್ಲೇ. ಜೋಳದ ರೊಟ್ಟಿಗೆ ಹಿಟ್ಟು ನಾದುವಾಗ ನಿಂಬೆಗಾತ್ರದ ಉಂಡೆಯೊಂದನ್ನು ಮಗುವಿಗೆ ಕೊಡುತ್ತೇವೆ. ಅದು ಪಟಪಟನೆ ತಟ್ಟಿದ ರೊಟ್ಟಿ ಯಾವ ದೇಶದ ನಕಾಶೆಯನ್ನಾದರೂ ಹೋಲಬಹುದು. ಬೇಯಿಸಿ ಅದರ ತಟ್ಟೆಗೇ ಬಡಿಸಿದರೆ ಸಂತೋಷಕ್ಕೆ ಪಾರವಿಲ್ಲ.

ಆಟಕ್ಕೆಂದೇ ಹಿಟ್ಟು ಬೇಕಾದರೆ ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಒಂದು ಚಮಚ ಎಣ್ಣೆ ಸೇರಿಸಿ, ಸ್ವಲ್ಪ ಸ್ವಲ್ಪವೇ ನೀರು ಹಾಕಿ ಚಪಾತಿ ಹಿಟ್ಟಿನಂತೆ ಕಲಸಬೇಕು. ಬಣ್ಣಕ್ಕೆ ಅರಿಶಿನ ಅಥವಾ ಬೀಟ್‌ರೂಟಿನ ರಸ ಸಾಕು. ಮುಚ್ಚಳದ ಡಬ್ಬಿಯಲ್ಲಿಟ್ಟರೆ ಕೆಲವು ದಿನ ಬಾಳುತ್ತದೆ. ಉಪ್ಪು ಹೆಚ್ಚಿರುವುದರಿಂದ ಇದನ್ನು ತಿನ್ನಲು ಬಿಡಬಾರದು.

ಮಣ್ಣಿನ ವಿಷಯದಲ್ಲಿ ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಾದುದಿಲ್ಲ. ಜ್ಯೇಷ್ಠ ಮಾಸದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆಯೆಂದು ಮನೆಮನೆಯಲ್ಲಿ ಎತ್ತುಗಳನ್ನು ಮಾಡಿ ಪೂಜಿಸುತ್ತೇವೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಿದ್ದರು. ಈ ಬಾರಿ ಕುಂಬಾರರಿಂದ ಸ್ವಲ್ಪ ಜೇಡಿಮಣ್ಣು ತಂದು ಎತ್ತು ಮಾಡಿದೆವು. ಮೊಮ್ಮಗಳ ಎತ್ತಿಗೆ ಐದು ಕಾಲುಗಳಿದ್ದವು. ತಿದ್ದಲಿಲ್ಲ, ಹಾಗೆಯೇ ಪೂಜೆಗಿಟ್ಟೆವು.

ಸದ್ದು, ವಾಸನೆ, ಸ್ಪರ್ಶ

ಖಾಲಿಯಾದ ಚಿಕ್ಕ ಡಬ್ಬಿಗಳನ್ನು ಎಸೆಯದಿರಿ. ಎರಡರಲ್ಲಿ ಅಕ್ಕಿ, ಎರಡರಲ್ಲಿ ಕಡಲೆ, ಎರಡರಲ್ಲಿ ಸಾಸಿವೆ ಹಾಕಿ ಮುಚ್ಚಳವನ್ನು ಟೇಪಿನಿಂದ ಭದ್ರಪಡಿಸಿ. ಅಲ್ಲಾಡಿಸಿ, ಸದ್ದು ಕೇಳಿ, ಜೋಡಿ ಹುಡುಕುವುದೇ ಆಟ. ಮಾಂಟೆಸರಿ ಶಾಲೆಗಳಲ್ಲಿ ಇದೇ ಉದ್ದೇಶಕ್ಕೆ ಮರದ ಸಿಲಿಂಡರುಗಳಿರುತ್ತವೆ. ನಮ್ಮದಕ್ಕೆ ಒಂದು ರೂಪಾಯಿಯೂ ತಗುಲಲಿಲ್ಲ.

ಇನ್ನು ಕೆಲವು ಡಬ್ಬಿಗಳಲ್ಲಿ ಏಲಕ್ಕಿ, ಇಂಗು, ಕಾಫಿಪುಡಿ, ಕರಿಬೇವು ಇಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ಮೂಗಿನಿಂದಲೇ ಗುರುತಿಸಲು ಹೇಳಬಹುದು. ಹಳೆಯ ಬಟ್ಟೆಯ ಚೀಲದಲ್ಲಿ ತೆಂಗಿನ ಕರಟ, ಮರದ ಸೌಟು, ಹತ್ತಿಯ ಉಂಡೆ, ಬಾಚಣಿಗೆ ಹಾಕಿ, ನೋಡದೆ ಮುಟ್ಟಿ ಹೆಸರು ಹೇಳುವ ಆಟವೂ ಮಕ್ಕಳಿಗೆ ಅಚ್ಚುಮೆಚ್ಚು.

ನಮ್ಮ ಅನುಭವದಲ್ಲಿ ಕನ್ನಡ ಹೆಚ್ಚು ಬಂದದ್ದು ಈ ಆಟಗಳಿಂದಲೇ. ನುಣುಪು, ಒರಟು, ಜಿಗುಟು, ಮೆತ್ತಗೆ ಎಂಬ ಪದಗಳು ಚಿತ್ರಪುಸ್ತಕದಲ್ಲಿ ಸಿಗುವುದು ಕಡಿಮೆ. ಗಲಗಲ, ಸರಸರ, ಗಮಗಮ, ಥಳಥಳ, ಚುರುಚುರು ಎಂಬ ಅನುಕರಣ ಪದಗಳಂತೂ ಕನ್ನಡದ ಸಿರಿ. ಅವುಗಳಿಗೆ ಅರ್ಥ ಹೇಳಿಕೊಡುವುದು ಕಷ್ಟ. ಆದರೆ ಕಡಲೆಯ ಡಬ್ಬಿಯನ್ನು ಅಲ್ಲಾಡಿಸಿದ ಮಗುವಿಗೆ 'ಗಲಗಲ' ಎಂದರೇನೆಂದು ಯಾರೂ ಹೇಳಬೇಕಾಗಿಲ್ಲ.

ಬಣ್ಣ, ಕಾಗದ, ರಂಗೋಲಿ

ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಅಡುಗೆ ಸೋಡ ಕರಗಿಸಿದ ನೀರಿನಲ್ಲಿ ಬೆರಳದ್ದಿ ಅದರ ಮೇಲೆ ಗೆರೆ ಎಳೆದರೆ ಹಳದಿ ಕಾಗದದಲ್ಲಿ ಕೆಂಪು ಗೆರೆ ಮೂಡುತ್ತದೆ. ಅದರ ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುವುದೇ ಇದರ ಮರ್ಮ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಕೆಂಪು ಮಾಡುವುದೂ ಇದೇ ಗುಣದಿಂದ. ಮಕ್ಕಳಿಗೆ ಮಾತ್ರ ಸುಣ್ಣ ಕೊಡಬಾರದು, ಅದು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ.

ಕಾಗದಕ್ಕೆ ಹಳೆಯ ಕ್ಯಾಲೆಂಡರು, ಮದುವೆಯ ಆಮಂತ್ರಣ ಪತ್ರಿಕೆಗಳಿವೆ. ಗುಜರಾತಿನಲ್ಲಿರುವ ನಮಗೆ ಇನ್ನೊಂದು ಭಾಗ್ಯವೂ ಉಂಟು. ಜನವರಿ 14ರ ಉತ್ತರಾಯಣ ಮುಗಿದ ಮೇಲೆ ಮಾಳಿಗೆಯ ತುಂಬ ಬಣ್ಣಬಣ್ಣದ ಹರಿದ ಗಾಳಿಪಟಗಳು! ಅವನ್ನು ಚಿಕ್ಕ ಚೂರುಗಳಾಗಿ ಹರಿದು, ಮೈದಾ ಅಂಟಿನಿಂದ ರಟ್ಟಿನ ಮೇಲೆ ಅಂಟಿಸಿ ನವಿಲು, ಮೀನು ಮಾಡಬಹುದು. ಗಾಳಿಪಟದ ದಾರಕ್ಕೆ ಗಾಜಿನ ಪುಡಿ ಸವರಿರುವುದರಿಂದ ಹಿರಿಯರೇ ಅದನ್ನು ಮೊದಲು ಕತ್ತರಿಸಿ ತೆಗೆದಿಡಬೇಕು.

ರಂಗೋಲಿಯೂ ಅಷ್ಟೇ. ಪುಡಿಯನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಚಿಟಿಕೆ ಹಿಡಿದು ಬಿಡುವುದು ಬರವಣಿಗೆಗೆ ಬೇಕಾದ ಹಿಡಿತಕ್ಕೆ ಒಳ್ಳೆಯ ಅಭ್ಯಾಸ. ಚಿಕ್ಕವರಿಗೆ ಅಕ್ಕಿಹಿಟ್ಟು ಉತ್ತಮ. ಮೊದಲು ಚುಕ್ಕೆ, ನಂತರ ಗೆರೆ. ಒಂದು, ಎರಡು, ಮೂರು ಎಂಬ ಎಣಿಕೆಯೂ ಕನ್ನಡದಲ್ಲೇ ಆಗುತ್ತದೆ.

ಕೆಲವು ಎಚ್ಚರಿಕೆಗಳು

ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕಾಳು, ಮಣಿ, ಬೀಜ, ಗುಂಡಿಗಳನ್ನು ಕೊಡಲೇಬಾರದು. ದೊಡ್ಡ ಮಕ್ಕಳೂ ಮೂಗಿಗೆ, ಕಿವಿಗೆ ತೂರಿಸಿಕೊಳ್ಳುವುದುಂಟು. ನೀರಿನ ಆಟದಲ್ಲಿ ಟಬ್ಬಿನಲ್ಲಿ ಕೆಲವೇ ಅಂಗುಲ ನೀರಿದ್ದರೂ ಮಗುವನ್ನು ಒಂಟಿಯಾಗಿ ಬಿಟ್ಟು ಏಳಬಾರದು, ಆಟ ಮುಗಿದ ಕೂಡಲೇ ನೀರು ಚೆಲ್ಲಬೇಕು. ಕತ್ತರಿ ಮೊಂಡು ತುದಿಯದಾಗಿರಲಿ.

ಮೊಬೈಲಿನ ಬಗ್ಗೆಯೂ ಒಂದು ಮಾತು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರುವುದು ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ಕಸಿದುಕೊಂಡರೆ ಅಳು ಖಂಡಿತ. ಬದಲಿಗೆ ಹಿಟ್ಟಿನ ಉಂಡೆ ಮುಂದಿಟ್ಟರೆ ಅಳು ಬೇಗ ನಿಲ್ಲುತ್ತದೆಂಬುದು ನಮ್ಮ ಅನುಭವ. ಪ್ರತಿ ದಿನವೂ ಗೆದ್ದೆವೆಂದು ಹೇಳಲಾರೆವು. ಬ್ಯಾಂಕಿನ ವರ್ಷಾಂತ್ಯದ ಕೆಲಸದ ದಿನಗಳಲ್ಲಿ ನಾವೇ ದಣಿದು ಫೋನು ಕೊಟ್ಟದ್ದೂ ಉಂಟು.

ಕೊನೆಯದಾಗಿ

ಈ ಕೆಲಸಗಳಲ್ಲಿ ಸಾಮಗ್ರಿಗೆ ಬೆಲೆಯಿಲ್ಲ, ಪಕ್ಕದಲ್ಲಿ ಕೂರುವ ಹಿರಿಯರಿಗೆ ಬೆಲೆ. ಪ್ಲೇಸ್ಕೂಲಿನವರು ಬಣ್ಣ ಕಲಿಸಿಯಾರು, ಆಕಾರ ಕಲಿಸಿಯಾರು. 'ಜಿಗುಟು' ಎಂಬ ಪದವನ್ನು ಮಗುವಿನ ಬೆರಳಿಗೆ ಕಲಿಸಬೇಕಾದವರು ಮಂಜಲ್‌ಪುರದಲ್ಲಿ ನಾವೇ. ಅಜ್ಜ, ಅಜ್ಜಿ, ಅಪ್ಪ, ಅಮ್ಮ ಯಾರಾದರೊಬ್ಬರು ದಿನಕ್ಕೆ ಅರ್ಧ ಗಂಟೆ ಕೊಟ್ಟರೂ ಸಾಕು.

ಕಳೆದ ವಾರ ಧಾರವಾಡದಿಂದ ಮತ್ತೆ ಕರೆ ಬಂದಾಗ ಮೊಮ್ಮಗಳು ಹಿಟ್ಟು ಮೆತ್ತಿದ ಕೈಯಿಂದಲೇ ಫೋನು ಹಿಡಿದಳು. ಮುತ್ತಜ್ಜಿ ಎಂದಿನಂತೆ ಏನು ಮಾಡುತ್ತಿರುವೆಯೆಂದು ಕೇಳಿದರು. "ರೊಟ್ಟಿ ಅಜ್ಜೀ, ಕೈಯೆಲ್ಲಾ ಜಿಗಿಜಿಗಿ!" ಎಂದಳು. ನಂತರದ ಎರಡು ಮಾತು ಗುಜರಾತಿಯಲ್ಲೇ ಇದ್ದವು. ಆದರೂ ಈ ಬಾರಿ ಫೋನನ್ನು ನಮಗೆ ಹಿಂದಿರುಗಿಸಲಿಲ್ಲ. ಅದು ಇನ್ನೂ ಕೆಲ ಹೊತ್ತು ಅವಳ ಕೈಯಲ್ಲೇ ಇತ್ತು. ಒರೆಸಿಕೊಳ್ಳುವ ಕೆಲಸ ಮಾತ್ರ ನಮ್ಮ ಪಾಲಿಗೆ ಬಂತು.