ಹಿಂದಿನ ಆಕ್ಸಲ್‌ನ ಹಳೇ ಎಣ್ಣೆ ಏನು ಹೇಳುತ್ತದೆ

ಅಮೆರಿಕದ ಡೆನ್ವರ್‌ನಿಂದ ಪಶ್ಚಿಮಕ್ಕೆ ಹೊರಟ ಇಂಟರ್‌ಸ್ಟೇಟ್ 70 ಹೆದ್ದಾರಿ ಐಸೆನ್‌ಹೋವರ್ ಸುರಂಗ ಮುಟ್ಟುವಷ್ಟರಲ್ಲಿ ಸುಮಾರು 1,600 ಮೀಟರ್ ಎತ್ತರದಿಂದ 3,400 ಮೀಟರ್‌ಗೆ ಏರಿರುತ್ತದೆ. ನಡುವಿನ ದೂರ ನೂರು ಕಿಲೋಮೀಟರ್‌ನ ಆಸುಪಾಸು. ಬೇಸಿಗೆಯ ವಾರಾಂತ್ಯಗಳಲ್ಲಿ ಈ ಏರಿನ ತುಂಬ ಪಿಕಪ್‌ಗಳ ಸಾಲು: ಫೋರ್ಡ್ ಎಫ್-250, ರ‍್ಯಾಮ್ 2500, ಷೆವ್ರೊಲೆ ಸಿಲ್ವರಾಡೊ 2500. ಒಂದರ ಹಿಂದೆ ಮನೆಯಂಥ ಟ್ರೈಲರ್, ಇನ್ನೊಂದರ ಹಿಂದೆ ಕುದುರೆ ಸಾಗಿಸುವ ಬಂಡಿ, ಮತ್ತೊಂದರ ಹಿಂದೆ ದೋಣಿ. ಎಂಜಿನ್ ಕಾದರೆ ಮುಳ್ಳು ಏರುತ್ತದೆ. ಗೇರ್‌ಬಾಕ್ಸ್ ಕಾದರೆ ಅದೂ ಎದುರಿನ ಪರದೆಯಲ್ಲಿ ಕಾಣುತ್ತದೆ. ಆದರೆ ಅಷ್ಟೂ ಭಾರವನ್ನು ಕೊನೆಗೆ ಎಳೆಯುವುದು ಹಿಂದಿನ ಆಕ್ಸಲ್‌ನ ನಡುವೆ ಇರುವ ಗುಂಡು ಹೊಟ್ಟೆ, ಅಂದರೆ ಡಿಫರೆನ್ಷಿಯಲ್. ಅದಕ್ಕೆ ಸಾಮಾನ್ಯವಾಗಿ ಮುಳ್ಳೂ ಇಲ್ಲ, ದೀಪವೂ ಇಲ್ಲ, ಎಣ್ಣೆ ನೋಡುವ ಕಡ್ಡಿಯೂ ಇಲ್ಲ. ಅದು ತನ್ನ ಕಷ್ಟ ಹೇಳಿಕೊಳ್ಳುವುದು ಹಳೇ ಎಣ್ಣೆಯ ಮೂಲಕ ಮಾತ್ರ. ಹಾಗಾಗಿ ಈ ಎಣ್ಣೆಯನ್ನು ಬದಲಿಸುವಾಗ ಹೊಸದನ್ನು ಸುರಿಯುವುದಕ್ಕಿಂತ ಹಳೆಯದನ್ನು ಓದುವುದೇ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ.

ನಮ್ಮ ಕಡೆಯ ಲಾರಿ ಶೆಡ್‌ಗಳಲ್ಲಿ ಇದರ ಒಳಭಾಗವನ್ನು ‘ಕ್ರೌನ್ ಪಿನಿಯನ್’ ಅನ್ನುತ್ತಾರೆ. ಆ ಹೆಸರೇ ಅರ್ಧ ಪಾಠ. ಗೇರ್‌ಬಾಕ್ಸ್‌ನಿಂದ ಉದ್ದಕ್ಕೆ ಬಂದ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ, ಅದರ ಜೊತೆ ಕೂಡಿಕೊಂಡ ದೊಡ್ಡ ಕ್ರೌನ್ ಗಾಲಿ. ಈ ಪಿಕಪ್‌ಗಳಲ್ಲಿ 3.73 ಎಂಬ ಅನುಪಾತ ಹೆಚ್ಚು ಕಾಣುತ್ತದೆ. ಪಿನಿಯನ್ 3.73 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎಂದು ಅದರ ಅರ್ಥ. ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಬೇಗ ಓಡಬೇಕಲ್ಲ, ಅದಕ್ಕೆ ಕ್ರೌನ್‌ನ ಒಡಲಲ್ಲಿ ಇನ್ನಷ್ಟು ಪುಟ್ಟ ಗೇರುಗಳಿವೆ.

ಎಣ್ಣೆಗೆ ನಿಜವಾದ ಸತ್ವಪರೀಕ್ಷೆ ಹಲ್ಲು ಹಲ್ಲು ಸೇರುವ ಜಾಗದಲ್ಲಿ. 1926ರಲ್ಲಿ ಪ್ಯಾಕರ್ಡ್ ಕಾರುಗಳಲ್ಲಿ ಹೈಪಾಯ್ಡ್ ಎಂಬ ಬಗೆಯ ಗೇರು ಬಂತು. ಅಲ್ಲಿಯವರೆಗೆ ಪಿನಿಯನ್ ಕ್ರೌನ್‌ನ ಸರಿ ಮಧ್ಯಕ್ಕೆ ಬಂದು ಸೇರುತ್ತಿತ್ತು. ಹೈಪಾಯ್ಡ್‌ನಲ್ಲಿ ಅದನ್ನು ಮಧ್ಯಕ್ಕಿಂತ ಕೆಳಗೆ ಕೂರಿಸಿದರು. ಶಾಫ್ಟು ತಗ್ಗಿತು, ಗೇರು ಸದ್ದಡಗಿತು, ಹಲ್ಲಿನ ಹಿಡಿತ ಹೆಚ್ಚಿ ಭಾರ ಹೊರುವ ಶಕ್ತಿಯೂ ಬಂತು. ಆದರೆ ಹಲ್ಲುಗಳು ಈಗ ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉದ್ದಕ್ಕೂ ಜಾರಿ ಉಜ್ಜುತ್ತವೆ. ಭಾರ ಎಳೆಯುತ್ತ ಏರು ಹತ್ತುವಾಗ ಆ ಉಜ್ಜುವ ಗೆರೆಯಲ್ಲಿ ಬೀಳುವ ಒತ್ತಡಕ್ಕೆ ಸಾದಾ ಎಣ್ಣೆಯ ಪೊರೆ ಹಿಸುಕಿ ಹೊರಗೆ ಹೋಗುತ್ತದೆ, ಉಕ್ಕಿಗೆ ಉಕ್ಕು ತಾಗುತ್ತದೆ. ಇದನ್ನು ತಡೆಯಲೆಂದೇ ಗೇರ್ ಆಯಿಲ್‌ಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಸೇರಿಸುತ್ತಾರೆ. ಬಿಸಿಯೇರಿದ ಕಡೆಯಲ್ಲೇ ಅವು ಲೋಹದೊಂದಿಗೆ ಕೂಡಿ ತೆಳ್ಳನೆಯ ಪದರ ಕಟ್ಟುತ್ತವೆ. ಆ ಪದರ ಸವೆದು ಹಲ್ಲನ್ನು ಉಳಿಸುತ್ತದೆ. ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ಕೆಟ್ಟ ವಾಸನೆ ಈ ಗಂಧಕದ್ದು. ಡಬ್ಬಿಯ ಮೇಲಿನ ‘ಜಿಎಲ್-5’ ಗುರುತು ಇಂಥ ರಕ್ಷಣೆಯ ಮಟ್ಟವನ್ನು ಹೇಳುತ್ತದೆ. ಹೈಪಾಯ್ಡ್ ಆಕ್ಸಲ್‌ಗೆ ಅದು ಬೇಕೇ ಬೇಕು. ಕೈಯಿಂದ ಗೇರ್ ಹಾಕುವ ಗೇರ್‌ಬಾಕ್ಸ್‌ಗೆ ಮಾತ್ರ ಕಂಪನಿ ಹೇಳದೆ ಅದನ್ನು ಸುರಿಯಬೇಡಿ. ಅಲ್ಲಿರುವ ಹಿತ್ತಾಳೆಯ ಭಾಗಗಳಿಗೆ ಅದೇ ಗಂಧಕ ಹಾನಿ ಮಾಡಬಹುದು.

ಸಂಖ್ಯೆಯ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ‘90 ಆಯಿಲ್’ ಅಂದರೆ 40 ನಂಬರಿನ ಎಂಜಿನ್ ಆಯಿಲ್‌ಗಿಂತ ಎರಡು ಪಟ್ಟು ದಪ್ಪ ಎಂದು ಬಹಳ ಜನ ಭಾವಿಸಿದ್ದಾರೆ. ಎರಡರ ಅಳತೆಗೋಲೇ ಬೇರೆ. ಬಿಸಿಯಾದಾಗ 90ರ ಗೇರ್ ಆಯಿಲ್ ಹೆಚ್ಚುಕಡಿಮೆ 40 ಅಥವಾ 50ರ ಎಂಜಿನ್ ಆಯಿಲ್‌ನಷ್ಟೇ ದಪ್ಪ. 140 ನಿಜಕ್ಕೂ ದಪ್ಪ. 2000ದ ದಶಕದ ಫೋರ್ಡ್ ಎಫ್-250ರ ಹಿಂದಿನ ಆಕ್ಸಲ್‌ಗೆ 75ಡಬ್ಲ್ಯು-140 ಸಿಂಥೆಟಿಕ್ ಎಂದು ಬರೆದಿದ್ದರೆ, ಅದೇ ಕಾಲದ, ಅದೇ ಕೆಲಸ ಮಾಡುವ ಷೆವ್ರೊಲೆಗೆ 75ಡಬ್ಲ್ಯು-90 ಎಂದಿದೆ. ‘ದಪ್ಪ ಇದ್ದಷ್ಟೂ ಒಳ್ಳೆಯದು’ ಎಂಬ ಮಾತನ್ನು ನಂಬಬೇಡಿ, ಗಾಡಿಯ ಕೈಪಿಡಿಯನ್ನು ನಂಬಿ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಅದರ ಕ್ಲಚ್ ಪ್ಲೇಟುಗಳಿಗಾಗಿ ಬೇರೊಂದು ದ್ರಾವಣ ಸೇರಿಸಬೇಕೋ ಬೇಡವೋ ಎಂಬುದೂ ಅಲ್ಲೇ ಇರುತ್ತದೆ.

ಈ ವರ್ಗದ ಪಿಕಪ್‌ಗಳ ಹಿಂದಿನ ಆಕ್ಸಲ್ ನಮ್ಮ ಲಾರಿಗಳಲ್ಲಿ ಇರುವಂಥದ್ದೇ, ಫುಲ್ ಫ್ಲೋಟಿಂಗ್. ಗಾಡಿಯ ಭಾರವನ್ನು ಹೊರಗಿನ ಕೊಳವೆ ಮತ್ತು ಹಬ್ಬಿನ ಬೇರಿಂಗುಗಳು ಹೊರುತ್ತವೆ, ಒಳಗಿನ ಆಕ್ಸಲ್ ಶಾಫ್ಟು ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಆ ಹಬ್ ಬೇರಿಂಗುಗಳಿಗೆ ಸಿಗುವುದೂ ಡಿಫರೆನ್ಷಿಯಲ್‌ನ ಎಣ್ಣೆಯೇ. ಅದು ಕೊಳವೆಯೊಳಗೆ ಹರಿದು ಎರಡೂ ತುದಿ ಮುಟ್ಟುತ್ತದೆ. ಆದ್ದರಿಂದ ನಡುವೆ ಎಣ್ಣೆ ಕಡಿಮೆಯಾದರೆ ಚಕ್ರದ ಬೇರಿಂಗಿಗೂ ಉಪವಾಸ. ಹಬ್ಬಿನ ಸೀಲು ಸೋರಿದರೆ ಎಣ್ಣೆ ಬ್ರೇಕಿಗೆ ಇಳಿಯುತ್ತದೆ. ಹಿಂದೆ ನಾಲ್ಕೈದು ಟನ್ ಟ್ರೈಲರ್ ಕಟ್ಟಿಕೊಂಡು ಇಳಿಜಾರಿನಲ್ಲಿ ಬರುವವರಿಗೆ ಅದು ಪ್ರಾಣದ ಪ್ರಶ್ನೆ. ಚಕ್ರಗಳ ಒಳಬದಿಯಲ್ಲಿ ಎಣ್ಣೆಯ ಜಿಡ್ಡು ಕಂಡರೆ ಎಣ್ಣೆ ಬದಲಿಸಿ ಸುಮ್ಮನಾಗಬೇಡಿ, ಸೀಲು ಹಾಕಿಸಿ.

ಇನ್ನು ಕೆಲಸ. ಗಾಡಿಯನ್ನು ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬನ್ನಿ. ಬೆಚ್ಚಗಾದ ಎಣ್ಣೆ ಕಸವನ್ನೂ ಹೊತ್ತುಕೊಂಡು ಇಳಿಯುತ್ತದೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಚಕ್ರಗಳಿಗೆ ಅಡೆ ಕೊಡಿ. ಈ ಗಾಡಿಗಳು ಎತ್ತರವಾಗಿರುವುದರಿಂದ ಜಾಕ್ ಇಲ್ಲದೆಯೇ ಕೆಳಗೆ ತೂರಬಹುದು, ತೂರುವುದೇ ಒಳ್ಳೆಯದು. ಒಂದು ಕಡೆ ಎತ್ತಿದ ಗಾಡಿಯಲ್ಲಿ ಎಣ್ಣೆಯ ಮಟ್ಟ ಸುಳ್ಳು ಹೇಳುತ್ತದೆ. ಎತ್ತಲೇಬೇಕಾದರೆ ಸ್ಟ್ಯಾಂಡಿನ ಮೇಲೆ ಕೂರಿಸದೆ, ಬರೀ ಜಾಕನ್ನು ನಂಬಿ ತಲೆ ಕೊಡಬೇಡಿ.

ಮೊದಲು ಬಿಚ್ಚಬೇಕಾದ್ದು ಎಣ್ಣೆ ತುಂಬುವ ಮೇಲಿನ ಪ್ಲಗ್. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ವರ್ಷಗಟ್ಟಲೆ ಮುಟ್ಟದೆ, ರಸ್ತೆಯ ಉಪ್ಪು ತಿಂದು ಅದು ಕಚ್ಚಿಕೊಂಡಿರುತ್ತದೆ. ಕೆಳಗಿನಿಂದ ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ಮೇಲಿನ ಪ್ಲಗ್ ಬರಲಿಲ್ಲವೆಂದರೆ ಗಾಡಿ ಅಂಗಳದಲ್ಲೇ ಉಳಿಯುತ್ತದೆ.

ಎಲ್ಲ ಆಕ್ಸಲ್‌ಗೂ ಡ್ರೈನ್ ಪ್ಲಗ್ ಇರುವುದಿಲ್ಲ. ಇಲ್ಲದಿದ್ದರೆ ಹಿಂಬದಿಯ ಮುಚ್ಚಳವನ್ನೇ ತೆಗೆಯಬೇಕು. ಕೆಳಗಿನ ಬೋಲ್ಟುಗಳನ್ನು ಮೊದಲು ತೆಗೆದು, ಮೇಲಿನ ಒಂದೆರಡನ್ನು ಸಡಿಲಿಸಿ ಹಾಗೇ ಬಿಡಿ. ಮುಚ್ಚಳದ ಕೆಳ ಅಂಚನ್ನು ಮೆಲ್ಲಗೆ ಮೀಟಿದರೆ ಎಣ್ಣೆ ಕೆಳಗಿಟ್ಟ ಬೋಗುಣಿಗೆ ಬೀಳುತ್ತದೆ, ಮೈಮೇಲೆ ಬೀಳುವುದಿಲ್ಲ. ಡ್ರೈನ್ ಪ್ಲಗ್ ಇದ್ದರೂ ಭಾರ ಎಳೆಯುವವರು ಕೆಲವು ಸಲಕ್ಕೊಮ್ಮೆ ಮುಚ್ಚಳ ತೆಗೆದು ನೋಡಬೇಕೆಂಬುದು ನನ್ನ ಅಭಿಪ್ರಾಯ. ಹಲ್ಲುಗಳನ್ನು ಕಣ್ಣಾರೆ ಕಾಣುವ ಅವಕಾಶ ಬೇರೆ ಇಲ್ಲ.

ಈಗ ಓದು. ಲೋಹದ ಪುಡಿ ಹಿಡಿಯಲೆಂದು ಒಳಗಿಟ್ಟ ಮ್ಯಾಗ್ನೆಟ್ಟಿಗೆ ಅಂಟಿದ ಬೂದುಬಣ್ಣದ ನುಣುಪಾದ ಕೆಸರು ಸಹಜವಾದ ಸವೆತ, ಅದಕ್ಕೆ ಗಾಬರಿ ಬೇಡ. ಬೆರಳಿಗೆ ಚುಚ್ಚುವ ಚೂರು, ಸಿಪ್ಪೆಯಂತೆ ಎದ್ದ ಹಾಳೆ, ಹಲ್ಲಿನ ತುಣುಕು ಕಂಡರೆ ಹೊಸ ಎಣ್ಣೆ ಸುರಿದು ಮುಚ್ಚುವಂತಿಲ್ಲ, ಬೇರಿಂಗೋ ಗೇರೋ ಹೋಗುತ್ತಿದೆ. ಸುಟ್ಟ ವಾಸನೆಯ ಕಪ್ಪು ಎಣ್ಣೆ ಅತಿಯಾದ ಬಿಸಿಯ ಗುರುತು. ಹಲ್ಲುಗಳು ನೀಲಿಗಟ್ಟಿದ್ದರೆ ಸಂಶಯವೇ ಬೇಡ.

ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ದೋಣಿ ಎಳೆಯುವವರಿಗೆ ಇದು ಹೆಚ್ಚು. ಹೆದ್ದಾರಿಯ ಏರು ಹತ್ತಿ ಕಾದ ಆಕ್ಸಲ್, ಡಿಲನ್ ಜಲಾಶಯದಂಥ ಬೆಟ್ಟದ ಮೇಲಿನ ತಣ್ಣೀರಿಗೆ ಇಳಿಜಾರಿನಲ್ಲಿ ಹಿಂದುಹಿಂದಾಗಿ ಇಳಿಯುತ್ತದೆ. ಒಳಗಿನ ಗಾಳಿ ಥಟ್ಟನೆ ತಣಿದು ಕುಗ್ಗುತ್ತದೆ. ಹೊರಗಿನ ಗಾಳಿ ಒಳಬರಲೆಂದು ಆಕ್ಸಲ್‌ನ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಸಣ್ಣ ಉಸಿರುಗಂಡಿ ಇರುತ್ತದೆ. ಅದು ಮಣ್ಣು ಕಟ್ಟಿ ಮುಚ್ಚಿಹೋಗಿದ್ದರೆ ಒಳಗಿನ ಎಳೆತ ಸೀಲಿನ ಅಂಚಿನಿಂದ ಕೆರೆಯ ನೀರನ್ನೇ ಹೀರಿಕೊಳ್ಳುತ್ತದೆ. ಅದೇ ಗಂಡಿ ಮುಚ್ಚಿದ್ದು ಆಕ್ಸಲ್ ಕಾದರೆ ಒತ್ತಡ ಏರಿ ಸೀಲಿನಿಂದ ಎಣ್ಣೆ ಹೊರಗೆ ಉಕ್ಕುತ್ತದೆ. ಸೀಲು ಹಾಳು ಎಂದು ಬದಲಿಸುತ್ತಲೇ ಇರುತ್ತಾರೆ, ಬ್ರೀದರ್ ಮಾತ್ರ ಯಾರೂ ನೋಡುವುದಿಲ್ಲ. ಐದು ನಿಮಿಷದ ಕೆಲಸ, ಮರೆಯದೆ ಸ್ವಚ್ಛ ಮಾಡಿ. ನೀರು ಸೇರಿದ ಎಣ್ಣೆಗೆ ಕಿಲೋಮೀಟರ್ ಲೆಕ್ಕ ನೋಡುವಂತಿಲ್ಲ, ಅಂದೇ ಬದಲಿಸಬೇಕು.

ಮುಚ್ಚಳ ಮತ್ತು ಅದು ಕೂರುವ ಮೈ ಎರಡನ್ನೂ ಹಳೇ ಗ್ಯಾಸ್ಕೆಟ್ ಉಳಿಯದಂತೆ ಒರೆಸಿ. ಕೆರೆದ ಪುಡಿ ಒಳಗೆ ಬೀಳದಿರಲಿ. ಸಿಲಿಕೋನ್ ಗ್ಯಾಸ್ಕೆಟ್ ಮೇಕರ್ ಹಾಕುವುದಾದರೆ ಎಣ್ಣೆಯ ಜಿಡ್ಡು ಪೂರ್ತಿ ಹೋಗಿರಬೇಕು. ಬೋಲ್ಟಿನ ತೂತುಗಳ ಒಳಬದಿಯಿಂದ ಎಲ್ಲೂ ಕಡಿಯದ ಒಂದೇ ಎಳೆ ಎಳೆಯಿರಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಅದು ಒಣಗಲು ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಆಮೇಲೆ ಎಣ್ಣೆ ತುಂಬಿ. ಸಾಮಾನ್ಯವಾಗಿ ಮೇಲಿನ ತೂತಿನ ಕೆಳ ಅಂಚಿನವರೆಗೆ ತುಂಬುತ್ತಾರೆ, ಆದರೆ ಕೆಲವು ಆಕ್ಸಲ್‌ಗಳಲ್ಲಿ ಮಟ್ಟ ತೂತಿಗಿಂತ ಕೆಳಗಿರಬೇಕು. ಹೆಚ್ಚಾದ ಎಣ್ಣೆ ನೊರೆಗಟ್ಟಿ, ಕಾದು, ಬ್ರೀದರ್‌ನಿಂದ ಹೊರಬರುತ್ತದೆ. ಕೆಲವು ಕಿಲೋಮೀಟರ್ ಓಡಿಸಿ ಬಂದು ಮಟ್ಟವನ್ನು ಇನ್ನೊಮ್ಮೆ ನೋಡಿ. ಹಬ್ಬುಗಳ ಕಡೆಗೆ ಹರಿದ ಎಣ್ಣೆ ಅಷ್ಟರಲ್ಲಿ ನಡುವಿನ ಮಟ್ಟವನ್ನು ಇಳಿಸಿರಬಹುದು. ನಾಲ್ಕು ಚಕ್ರಕ್ಕೂ ಎಳೆತ ಇರುವ ಗಾಡಿಯಾದರೆ ಮುಂದಿನ ಆಕ್ಸಲ್‌ನಲ್ಲೂ ಇನ್ನೊಂದು ಡಿಫರೆನ್ಷಿಯಲ್ ಇದೆ, ಅದಕ್ಕೂ ಇದೇ ಕ್ರಮ.

ಇಳಿಸಿದ ಎಣ್ಣೆಯನ್ನು ಚರಂಡಿಗೆ, ಮಣ್ಣಿಗೆ ಸುರಿಯಬೇಡಿ. ಅಮೆರಿಕದಲ್ಲಿ ಬಿಡಿಭಾಗ ಮಾರುವ ದೊಡ್ಡ ಮಳಿಗೆಗಳು ಹಲವು ಕಡೆ ಹಳೇ ಎಣ್ಣೆಯನ್ನು ಹಣವಿಲ್ಲದೆ ತೆಗೆದುಕೊಳ್ಳುತ್ತವೆ.

ಹಿಂದೆ ಟ್ರೈಲರ್ ಕೊಂಡಿ ಇರುವ ಹಳೇ ಪಿಕಪ್ ಕೊಂಡವರಿಗೆ ಒಂದು ಮಾತು. ಮೊದಲಿನ ಮಾಲೀಕರು ಏನು ಎಳೆದರು, ಯಾವ ನೀರಿಗೆ ಇಳಿಸಿದರು ಎಂಬುದು ಓಡೋಮೀಟರಿನಲ್ಲಿ ಬರೆದಿರುವುದಿಲ್ಲ. ಮುಂದಿನ ಸರ್ವೀಸಿಗೆ ಕಾಯಬೇಡಿ. ಭಾರ ಕಟ್ಟುವ ಮೊದಲು ಒಮ್ಮೆ ಆ ಪ್ಲಗ್ ಬಿಚ್ಚಿ, ಬೆರಳು ಅದ್ದಿ ನೋಡಿ.